ಗುರುವಾರ ಆ ಸೈಲೆನ್ಸರ್ ಬಿಚ್ಚಬೇಡಿ

ಹೊಗೆ ನಿಂತ ಎಪ್ಪತ್ತನೆಯ ವರ್ಷ,
ಆಶ್ವಯುಜ ಮಾಸದ ಮೂವತ್ತೆರಡನೆಯ ದಿನ,
ರಾಣೇಬೆನ್ನೂರು

ಪೂಜ್ಯ ದೊಡ್ಡಜ್ಜ ಫಕ್ಕೀರಪ್ಪ ಕಮ್ಮಾರ ಅವರ ಪಾದಗಳಿಗೆ, ನಿಮ್ಮ ವಂಶದ ಕುಡಿ ತುಂಗವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಲೆ ಕೆಟ್ಟವಳು ಬರೆದಿದ್ದಾಳೆ ಎಂದುಕೊಂಡು ಈ ಕಾಗದವನ್ನು ಗ್ರೀಸ್ ಒರೆಸಲು ಬಳಸಬೇಡಿ. ನಮ್ಮಲ್ಲಿ ತಿಂಗಳಿಗೆ ಮೂವತ್ತೆರಡು ದಿನ. ಕೊನೆಯ ಎರಡಕ್ಕೆ ತೆರಪು ದಿನ ಎನ್ನುತ್ತೇವೆ. ಗಾಳಿ ತಿಳಿಯಾಗಲಿ ಎಂದು ಆ ಎರಡು ದಿನ ಯಾವ ಗಾಡಿಯೂ ಚಾಲೂ ಆಗುವುದಿಲ್ಲ. ನಿಮ್ಮ ಲೆಕ್ಕಕ್ಕೆ ತಂದರೆ ನಾನು ಎರಡು ಸಾವಿರದ ನೂರ ಎಂಬತ್ತೇಳನೆಯ ಇಸವಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮ ಮಗಳು ಸಿಂಚನಾ ನನ್ನ ಅಜ್ಜಿಯ ಅಜ್ಜಿಯ ತಾಯಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಪತ್ರ ಓದಿ ಕಲಿತವಳು ನಾನು. ಮಾತು ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ, ಆದರೆ ಅರ್ಥವನ್ನು ಮಾತ್ರ ಬಿಡಬೇಡಿ.

ಮುಖ್ಯ ಮಾತು ಮೊದಲು. ಈ ಕಾಗದ ನಿಮ್ಮ ಕೈಸೇರುವುದು ಬುಧವಾರ, ಎರಡು ಸಾವಿರದ ಇಪ್ಪತ್ತೇಳರ ಜುಲೈ ಹದಿನಾಲ್ಕಕ್ಕೆ. ನಾಳೆ ಗುರುವಾರ ಗುಡಗೇರಿಯವರ ಕಾರು ಹೊಗೆ ಟೆಸ್ಟಿಗೆ ಹೋಗಬೇಕಾಗಿದೆ. ಅದಕ್ಕಾಗಿ ನೀವು ದುರಗಪ್ಪನ ಶಾಲಾ ವ್ಯಾನಿನಿಂದ ಆ ಒಳ್ಳೆಯ ಸೈಲೆನ್ಸರನ್ನು ಬಿಚ್ಚಲಿದ್ದೀರಿ. ಬಿಚ್ಚಬೇಡಿ. ಬಿಚ್ಚಿದರೆ ನಾಳೆ ಸಂಜೆಯ ಹೊತ್ತಿಗೆ ಐಮನ್ ಇರುವುದಿಲ್ಲ. ನಿಮ್ಮ ಗ್ಯಾರೇಜಿನ ಮಗ್ಗುಲಲ್ಲೇ ಗಾದಿ ಅಂಗಡಿ ಇಟ್ಟಿರುವ ಖಾದರಸಾಬ ನದಾಫರ ಮಗಳು, ನಿಮ್ಮ ಸಿಂಚನಾಳ ಜೀವದ ಗೆಳತಿ, ಒಂಬತ್ತು ವರ್ಷದ ಐಮನ್. ಇಷ್ಟು ಓದಿ ಕಾಗದ ಮಡಚಿಟ್ಟರೂ ನನಗೆ ಬೇಸರವಿಲ್ಲ. ಆದರೆ ನೀವು ಮೊಂಡರು ಎಂದು ಆರು ತಲೆಮಾರಿನಿಂದ ಕೇಳಿಕೊಂಡು ಬಂದಿದ್ದೇವೆ. ಕಾರಣ ಹೇಳದೆ ನೀವು ಯಾರ ಮಾತನ್ನೂ ಕೇಳಿದವರಲ್ಲವಂತೆ. ಅದಕ್ಕೆ ಉಳಿದದ್ದನ್ನೂ ಬರೆಯುತ್ತೇನೆ.

ನಮ್ಮಲ್ಲಿ ಹಿಂಟಪಾಲು ಎಂಬುದೊಂದಿದೆ, ಕಳೆದುಹೋದ ದಿನಗಳಿಗೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ, ಅದೂ ಸ್ವಂತ ರಕ್ತದವರಿಗೆ ಮಾತ್ರ. ಕಾಗದ ಹೋದ ಮೇಲೆ ಏನಾಯಿತು ಎಂದು ಬರೆದವರಿಗೆ ಗೊತ್ತಾಗುವುದಿಲ್ಲ. ಅಲ್ಲಿ ಬದಲಾದರೆ ಇಲ್ಲಿ ಹೇಗೆ, ಇಲ್ಲಿ ಬದಲಾದರೆ ಈ ಕಾಗದವನ್ನು ಬರೆದವರು ಯಾರು ಎಂದೆಲ್ಲ ನನ್ನನ್ನು ಕೇಳಬೇಡಿ. ಟಪಾಲಿನವರನ್ನು ಕೇಳಿದರೆ ಅವರೂ ತಲೆ ಕೆರೆದುಕೊಳ್ಳುತ್ತಾರೆ. ನನ್ನ ಪಾಲಿನ ಆ ಒಂದು ಕಾಗದವನ್ನು ನಮ್ಮವ್ವನಿಗೆಂದು ಎತ್ತಿಟ್ಟಿದ್ದೆ. ಆಕೆ ಸಾಯುವ ವಾರ ನಾನು ಸಿಟ್ಟು ಮಾಡಿಕೊಂಡು ಮಾತು ಬಿಟ್ಟಿದ್ದೆ, ತಪ್ಪಾಯಿತು ಎನ್ನಬೇಕಿತ್ತು. ಅದನ್ನು ಈಗ ನಿಮಗೆ ಖರ್ಚು ಮಾಡುತ್ತಿದ್ದೇನೆ ದೊಡ್ಡಜ್ಜ. ಸುಮ್ಮನೆ ಮಾಡುತ್ತಿಲ್ಲ ಎಂಬುದು ನಿಮಗೆ ತಿಳಿಯಲಿ ಎಂದು ಹೇಳಿದೆ.

ನಾನು ಮಸಿ ಓದುವ ಕೆಲಸದವಳು. ನಿಮಗೆ ಇದು ನಗೆಯ ಮಾತಾಗಿ ಕಾಣಬಹುದು. ಹೊಗೆ ಹೋಗುವ ಯಾವುದೇ ಕೊಳವೆಯ ಒಳಗೆ ಮಸಿ ಪದರ ಪದರವಾಗಿ ಕೂರುತ್ತದೆ. ಯಾವ ಎಂಜಿನ್ನಿನದು, ಎಷ್ಟು ಹೊತ್ತು ಓಡಿದ್ದು, ನಡುವೆ ಎಷ್ಟು ದಿನ ತಣ್ಣಗಿತ್ತು, ಎಲ್ಲವನ್ನೂ ಆ ಪದರಗಳಲ್ಲಿ ಓದಬಹುದು. ನಮ್ಮೂರಿನ ಪ್ರತಿ ಓಣಿಯ ಬಾಯಿಗೆ ಒಂದು ಗಾಳಿಕಟ್ಟೆ ಇದೆ. ಅಲ್ಲಿ ಪಾಚಿಹಲಗೆ ನೆಟ್ಟಿರುತ್ತೇವೆ. ಪಾಚಿ ಬೆಳೆಸಿದ ಅಗಲವಾದ ಹಲಗೆ, ಕೆಟ್ಟ ಹೊಗೆ ತಾಗಿದರೆ ಗಳಿಗೆಯೊಳಗೆ ಹಳದಿಯಾಗುತ್ತದೆ. ಹಳದಿಯಾದರೆ ಕಟ್ಟೆಯ ಮೇಲೆ ಹರಟೆ ಹೊಡೆಯುತ್ತ ಕೂತ ಮುದುಕಿಯರು ಗಾಡಿಯವನ ಏಳು ತಲೆಮಾರು ಎತ್ತಿ ಬೈಯುತ್ತಾರೆ. ದಂಡಕ್ಕಿಂತ ಅದಕ್ಕೇ ಜನ ಹೆದರುವುದು. ಹಾಗೆಂದು ಗಾಡಿಯ ಹೊಗೆಕೊಳವೆಯನ್ನು ಬದಲಿಸುವುದು ನಮ್ಮಲ್ಲಿ ನಿಷೇಧವೇನಲ್ಲ. ಹುಡುಗರು ಡೊಳ್ಳಿನ ಸದ್ದು ಬರುವ ಕೊಳವೆ ಹಾಕಿಸಿಕೊಂಡು ಮೆರೆಯುವುದೂ ಉಂಟು. ಆದರೆ ಬದಲಿಸಿದ ಗಾಡಿಯನ್ನು ಮೊದಲು ಆ ಓಣಿಯಲ್ಲಿ ಎಲ್ಲರಿಗಿಂತ ಉಸಿರಿನ ಕಸುವು ಕಡಿಮೆ ಇರುವವರ ಕಿಟಕಿಯ ಮುಂದೆ ನಿಲ್ಲಿಸಿ, ಕಾಲು ತಾಸು ಚಾಲೂ ಇಡಬೇಕು. ಅವರು ಕೆಮ್ಮದೆ ತಲೆಯಾಡಿಸಿದರೆ ಪರವಾನಗಿ. ನಮ್ಮ ಓಣಿಯಲ್ಲಿ ಆ ಅಧಿಕಾರ ದಮ್ಮಿನ ಈರವ್ವನದು. ಆಕೆಗೆ ಮಂತ್ರಿಗಳೂ ಕೈಮುಗಿಯುತ್ತಾರೆ.

ಈಗ ನಿಮ್ಮ ಸೈಲೆನ್ಸರಿಗೆ ಬರುತ್ತೇನೆ. ಅದು ನಮ್ಮ ದೇವರ ಜಗಲಿಯ ಮೇಲಿನ ಗೋಡೆಯಲ್ಲಿ ತೂಗುತ್ತದೆ. ನಂಬಿ. ಆಯುಧಪೂಜೆಯ ದಿನ ಅದನ್ನು ಇಳಿಸಿ, ಎಣ್ಣೆ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಸರ ಹಾಕುತ್ತೇವೆ. ನಮ್ಮ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವುದು ನಿಮ್ಮ ಮಾತನ್ನು: “ಕಮ್ಮಾರನ ಕೈ ಹತ್ತಿದ ಗಾಡಿ ಟೆಸ್ಟಿನ್ಯಾಗ ಫೇಲ್ ಆಗಂಗಿಲ್ಲ.” ಆ ಸೈಲೆನ್ಸರಿನ ಬಾಯಿಗೆ ನೀವು ಬೆಸೆದ ದುಂಡನೆಯ ತಗಡಿನಲ್ಲಿ ಹನ್ನೆರಡು ತೂತುಗಳಿವೆಯಲ್ಲ, ಅದು ನಿಮ್ಮ ಕಲೆಗಾರಿಕೆ, ಹೂವಿನ ಚಿತ್ತಾರ ಎಂದೇ ತಿಳಿದಿದ್ದೆವು. ನಮ್ಮವ್ವ ಹೊಸ್ತಿಲಿಗೆ ಅದೇ ಹನ್ನೆರಡು ಚುಕ್ಕಿಯ ರಂಗೋಲಿ ಹಾಕುತ್ತಿದ್ದಳು. ನಾನೂ ಹಾಕಿದ್ದೇನೆ. ನನ್ನ ಮದುವೆಯ ಸೀರೆಯ ಸೆರಗಿನಲ್ಲೂ ಅದೇ ಹೂವು.

ಈ ಸಲದ ಪೂಜೆಗೆ ಮುಂಚೆ ನಮ್ಮ ನೀಲಕ್ಕನಿಗೆ ಒಂದು ಆಸೆ ಹುಟ್ಟಿತು. ನೀಲಕ್ಕ ನನ್ನ ಅಕ್ಕ. ನಿಮ್ಮ ಗ್ಯಾರೇಜು ಇದ್ದ ಜಾಗದಲ್ಲೇ ಈಗ ಕೊಳವೆ ಬದಲಿಸುವ ಕಾರ್ಖಾನೆ ನಡೆಸುತ್ತಾಳೆ. ಊರಿನಲ್ಲಿ ಒಂದು ಮನೆಗೆ ಮಾತ್ರ ಸಿಗುವ ಶುಚಿಮನೆ ಬಿರುದಿಗೆ ಆಕೆ ಅರ್ಜಿ ಹಾಕಿದ್ದಳು. ದೊಡ್ಡಜ್ಜನ ಸೈಲೆನ್ಸರಿನ ಮಸಿ ಓದಿ ಒಂದು ಪತ್ರ ಬರೆದುಕೊಡು ತುಂಗಿ, ಬಿರುದು ನಮ್ಮ ಮನೆ ಬಾಗಿಲಿಗೆ ಬಂತೆಂದೇ ತಿಳಿ ಎಂದಳು. ನಾನೂ ಉಬ್ಬಿಹೋದೆ. ತಲೆಗೆ ಸ್ನಾನ ಮಾಡಿ, ಮಡಿ ಉಟ್ಟು, ಮನೆಮಂದಿಯನ್ನೆಲ್ಲ ಸುತ್ತ ಕೂರಿಸಿಕೊಂಡು, ಮಂಗಳಾರತಿ ಮಾಡಿ ಅದರ ಹೊಟ್ಟೆಯನ್ನು ಕೂದಲೆಳೆಯಷ್ಟು ಸೀಳಿದೆ. ಹೊಗೆಯ ವಿಷ ಸೋಸುವ ಜೇನುಗೂಡಿನಂಥ ಕನ್ವರ್ಟರ್ ಒಳಗೆ ಸರಿಯಾಗಿಯೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಣ್ಣಿಗೆ ಓದುಗನ್ನಡಿ ಇಟ್ಟುಕೊಂಡೆ.

ಅಯ್ಯೋ ಶಿವನೇ. ಮೊದಲು ಕನ್ನಡಿ ಕೆಟ್ಟಿದೆ ಎಂದುಕೊಂಡೆ. ಒರೆಸಿ ಮತ್ತೆ ನೋಡಿದೆ. ಅದರಲ್ಲಿದ್ದದ್ದು ಒಂದು ಗಾಡಿಯ ಮಸಿಯಲ್ಲ, ಇನ್ನೂರ ಹದಿಮೂರು ಗಾಡಿಗಳ ಮಸಿ! ಅವುಗಳಲ್ಲಿ ಇನ್ನೂರ ಹನ್ನೆರಡು ಗಾಡಿಗಳು ಒಂದೊಂದೂ ಹತ್ತು ಹತ್ತು ನಿಮಿಷ ಮಾತ್ರ ಓಡಿದ್ದವು. ಹತ್ತು ನಿಮಿಷ ಎಂದರೆ ನಿಮ್ಮ ಗ್ಯಾರೇಜಿನಿಂದ ಪಿ.ಬಿ. ರಸ್ತೆಯ ಟೆಸ್ಟ್ ಸೆಂಟರಿಗೆ ಹೋಗಿ, ಪಾಸಾಗಿ, ಮರಳಿ ಬರುವಷ್ಟು ಹೊತ್ತು. ನಮ್ಮ ಹನ್ನೆರಡು ಎಸಳಿನ ಹೂವು ಏನೆಂದು ಆಗ ತಿಳಿಯಿತು. ಮೂರು ಜಾತಿಯ ಗಾಡಿಗಳಿಗೆ ನಾಲ್ಕು ನಾಲ್ಕು ಬೋಲ್ಟಿನ ತೂತು. ಒಂದೇ ಸೈಲೆನ್ಸರ್ ಎಲ್ಲಕ್ಕೂ ಕೂರಲಿ ಎಂದು ನೀವು ಕೊರೆದ ತೂತುಗಳಿಗೆ ನಾವು ನೂರೈವತ್ತು ವರ್ಷ ರಂಗೋಲಿ ಹಾಕಿದೆವು!

ನೀಲಕ್ಕ ನಂಬಲಿಲ್ಲ. “ಹುಡುಗಾಟ ಮಾಡಬ್ಯಾಡ ತುಂಗಿ. ದೇವರ ಮುಂದಿನ ಸಾಮಾನ ಅದು. ಕಣ್ಣು ತೊಳಕೊಂಡು ಬಂದು ಇನ್ನೊಮ್ಮೆ ನೋಡು,” ಎಂದಳು. ತೊಳೆದುಕೊಂಡು ಬಂದೆ. ಮೂರು ಸಲ ಓದಿದೆ. ಓದಿದಷ್ಟೂ ಸಲ ಅಷ್ಟೇ ಬಂತು. ನೀವು ಗಿರಾಕಿಗಳ ಗಾಡಿಯ ಕನ್ವರ್ಟರನ್ನು ಕುಟ್ಟಿ ಉದುರಿಸಿ, ಬರೀ ಡಬ್ಬ ಮಾಡಿ, ಪಿಕಪ್ ಜಾಸ್ತಿ ಬರುತ್ತೆ, ಸೌಂಡ್ ಚೆನ್ನಾಗಿರುತ್ತೆ ಎಂದು ಓಡಿಸಲು ಕೊಡುತ್ತಿದ್ದಿರಿ. ಟೆಸ್ಟಿನ ದಿನ ಬಂದಾಗ ಈ ಒಳ್ಳೆಯದನ್ನು ಕಟ್ಟಿ ಕಳಿಸುತ್ತಿದ್ದಿರಿ. ಪಾಸಾಗಿ ಬಂದ ಮೇಲೆ ಬಿಚ್ಚಿಕೊಳ್ಳುತ್ತಿದ್ದಿರಿ. ಮದುವೆಗೆ ಎರವಲು ಸರ ಹಾಕಿಕೊಂಡು ಹೋದ ಹಾಗೆ, ಊರಿನ ಗಾಡಿಗಳೆಲ್ಲ ನಿಮ್ಮ ಒಂದೇ ಸೈಲೆನ್ಸರ್ ಕಟ್ಟಿಕೊಂಡು ಮರ್ಯಾದಸ್ಥರಾಗಿ ಬಂದವು. ಫೇಲ್ ಆಗಂಗಿಲ್ಲವಂತೆ! ಎಲ್ಲಿಂದ ಆಗಬೇಕು?

ಅಷ್ಟಕ್ಕೇ ನಿಂತಿದ್ದರೆ ನಾಚಿಕೆಯಿಂದ ನಾಲ್ಕು ದಿನ ಮುಸುಕು ಹಾಕಿಕೊಂಡು ಮಲಗಿ ಸುಮ್ಮನಾಗುತ್ತಿದ್ದೆ. ಆದರೆ ಆ ಇನ್ನೂರ ಹದಿಮೂರನೆಯ ಗಾಡಿಯ ಮಸಿ ಬೇರೆಯ ಕತೆ ಹೇಳಿತು. ಪ್ರತಿ ಎರಡು ಟೆಸ್ಟುಗಳ ನಡುವೆಯೂ ಅದೇ ಎಂಜಿನ್ನು, ದಿನಾ ಬೆಳಿಗ್ಗೆ ಮುಕ್ಕಾಲು ತಾಸು, ಸಂಜೆ ಮುಕ್ಕಾಲು ತಾಸು, ಭಾನುವಾರ ರಜೆ. ಅದು ದುರಗಪ್ಪನ ಶಾಲಾ ವ್ಯಾನು. ಆ ಸೈಲೆನ್ಸರಿನ ಮನೆಯೇ ಆ ವ್ಯಾನು. ಸಿಂಚನಾ ಕೂರುವ ವ್ಯಾನಿಗೆ ನೀವು ಒಳ್ಳೆಯದನ್ನು ಹಾಕಿದ್ದಿರಿ. ಮಕ್ಕಳು ಶಾಲೆಯೊಳಗೆ ಇರುವಾಗ, ಹತ್ತರಿಂದ ಮೂರರ ನಡುವೆ ಅದನ್ನು ಬಿಚ್ಚಿ ಬೇರೆಯವರಿಗೆ ಕಟ್ಟಿ, ಮೂರರೊಳಗೆ ತಪ್ಪದೆ ವ್ಯಾನಿಗೆ ಮರಳಿ ಹಾಕುತ್ತಿದ್ದಿರಿ. ಹೊಗೆ ಏನು ಮಾಡುತ್ತದೆ ಎಂದು ನಿಮಗೆ ಗೊತ್ತಿತ್ತು ದೊಡ್ಡಜ್ಜ. ಚೆನ್ನಾಗಿ ಗೊತ್ತಿತ್ತು. ನಿಮ್ಮ ಮಗಳ ಮಟ್ಟಿಗೆ ಗೊತ್ತಿತ್ತು, ಊರಿನ ಮಕ್ಕಳ ಮಟ್ಟಿಗೆ ಗೊತ್ತಿರಲಿಲ್ಲ.

ಆ ವ್ಯಾನಿನ ಮಸಿ ಒಂದು ದಿನ ತಟ್ಟನೆ ನಿಲ್ಲುತ್ತದೆ. ಆಮೇಲೆ ಕೊನೆಯದಾಗಿ ಒಂದು ಟೆಸ್ಟಿನ ಪದರ, ಅದರ ಮೇಲೆ ಏನೂ ಇಲ್ಲ. ನಾನು ಹಳೆಯ ದಫ್ತರದಲ್ಲಿ ಆ ಟೆಸ್ಟಿನ ಚೀಟಿ ಹುಡುಕಿ ತೆಗೆದೆ. ಗುಡಗೇರಿಯವರ ಕಾರು, ಜುಲೈ ಹದಿನೈದು, ಗುರುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ, ಪಾಸ್. ಅದು ಐಮನ್ ತೀರಿಹೋದ ದಿನ, ಆ ತಾರೀಖು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಎಂಥ ಗಾಡಿಯೇ ಇರಲಿ, ಎಷ್ಟೇ ಜನ ಇರಲಿ, ಹಿಂದಿನ ಎಡಗಡೆಯ ಸೀಟಿನಲ್ಲಿ ನಾವು ಯಾರೂ ಕೂರುವುದಿಲ್ಲ. ಅದು ಗೆಳತಿಯ ಸೀಟು. ಅಲ್ಲಿ ನಾಲ್ಕು ಹುಣಸೆಬೀಜ ಇಟ್ಟು, ಆಮೇಲೆ ಗಾಡಿ ಚಾಲೂ ಮಾಡುತ್ತೇವೆ. ಇದನ್ನು ಶುರು ಮಾಡಿದವಳು ನಿಮ್ಮ ಸಿಂಚನಾ. ತೊಂಬತ್ತು ವರ್ಷ ಬದುಕಿದಳು, ಒಂದು ದಿನವೂ ತಪ್ಪಿಸಲಿಲ್ಲ. ಆಕೆ ಹೇಳಿದ ಕತೆಯನ್ನು ನಮ್ಮಜ್ಜಿ ನಮಗೆ ಆಕೆಯ ಮಾತಿನಲ್ಲೇ ಹೇಳುತ್ತಿದ್ದಳು. ವ್ಯಾನಿನ ಹಿಂದಿನ ಎಡ ಸೀಟಿನ ಕೆಳಗೆ ತುಕ್ಕು ತಿಂದು ಒಂದು ತೂತು ಬಿದ್ದಿತ್ತಂತೆ. ಗೆಳತಿಯರಿಬ್ಬರೂ ಅದರೊಳಗಿಂದ ಹುಣಸೆಬೀಜ ಬೀಳಿಸಿ, ರಸ್ತೆಯ ಮೇಲೆ ಪುಟಿಯುವುದನ್ನು ನೋಡಿ ನಗುತ್ತಿದ್ದರಂತೆ. ಆ ಸೀಟು ಸಿಂಚನಾಳದು. ಆ ಗುರುವಾರ ಬೆಳಿಗ್ಗೆಯಿಂದ ಊರಿಗೆಲ್ಲ ಕರೆಂಟು ಇರಲಿಲ್ಲ, ಶಾಲೆಯ ಗಂಟೆಯನ್ನು ಕೈಯಲ್ಲಿ ಬಾರಿಸಿದರಂತೆ. ಮೂರಕ್ಕೆ ಮಳೆ ಹಿಡಿಯಿತು. ಎಲ್ಲ ಕಿಟಕಿಗಳನ್ನೂ ಮುಚ್ಚಿದರು. “ಮಳಿ ನೋಡ್ತೀನಿ, ನಿನ್ನ ಜಾಗಾ ಕೊಡು ಸಿಂಚೂ ಅಂದ್ಲು ಐಮನ್. ನಾ ಎದ್ದು ಕೊಟ್ಟೆ. ರೈಲ್ವೆ ಗೇಟ್ ಬಿದ್ದಿತ್ತು. ವ್ಯಾನು ನಿಂತಲ್ಲೇ ಗುರ್ ಅಂತಿತ್ತು. ನಮಗೆಲ್ಲಾ ತಲಿ ಸಿಡಿಯಾಕತ್ತು. ನಾ ವಾಂತಿ ಮಾಡ್ಕೊಂಡೆ. ಆಕಿ ಮಾತ್ರ ನಿದ್ದಿ ಹತ್ತಿದಂಗ ಕಿಟಕಿಗೆ ತಲಿ ಇಟ್ಟಿದ್ಲು.” ಸಿಂಚನಾ ಹೇಳುತ್ತಿದ್ದದ್ದು ಇಷ್ಟೇ. ಐಮನ್‌ಳ ಹೃದಯ ನಿಂತಿತು ಎಂದರು. ಸೂಕ್ಷ್ಮ ಜೀವ, ದೇವರು ಕರೆದುಕೊಂಡ ಎಂದು ಊರು ಅತ್ತಿತು. ನಾವೂ ಹಾಗೆಯೇ ನಂಬಿದ್ದೆವು.

ಮಸಿ, ಚೀಟಿ, ಅಜ್ಜಿಯ ಕತೆ ಮೂರನ್ನೂ ಜೋಡಿಸಿದಾಗ ನನಗೆ ತಿಳಿದದ್ದು ಇದು. ಕರೆಂಟು ಇಲ್ಲದ್ದಕ್ಕೆ ಟೆಸ್ಟ್ ಸೆಂಟರಿನ ಯಂತ್ರ ಮೂರರವರೆಗೆ ಚಾಲೂ ಆಗಲಿಲ್ಲ. ನಿಮ್ಮ ಸೈಲೆನ್ಸರ್ ಅಲ್ಲಿ ಗುಡಗೇರಿಯವರ ಕಾರಿನಡಿ ಸಿಕ್ಕಿಕೊಂಡಿತ್ತು. ಇತ್ತ ಶಾಲೆ ಬಿಡುವ ಹೊತ್ತಾಯಿತು. ದುರಗಪ್ಪ ಅವಸರ ಮಾಡಿದ. ಒಂದು ಸಲಕ್ಕೆ ಏನಾಗುತ್ತದೆ ಎಂದು ನೀವು ಒಂದು ತುಂಡು ಪೈಪು ಕಟ್ಟಿ ಕಳಿಸಿದಿರಿ. ಸೈಲೆನ್ಸರ್ ಇದ್ದಾಗ ಹೊಗೆ ಸೋಸಿಕೊಂಡು ಗಾಡಿಯ ಹಿಂದಕ್ಕೆ ಹೋಗುತ್ತಿತ್ತು. ಆ ತುಂಡು ಪೈಪು ಸರಿಯಾಗಿ ಆ ತೂತಿನ ಕೆಳಗೆ ಮುಗಿಯುತ್ತಿತ್ತು. ಬಣ್ಣವಿಲ್ಲದ, ವಾಸನೆ ಹತ್ತದ ವಿಷ ಅದು. ಅಂಥದ್ದರ ಮೇಲೆ ಒಂಬತ್ತು ವರ್ಷದ ಮಗು ಮಳೆ ನೋಡುತ್ತ ಕೂತಿತ್ತು. ಜಾಗ ಬದಲಿಸದೆ ಹೋಗಿದ್ದರೆ ಸಿಂಚನಾ ಇರುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ. ನಾನು ಉಸಿರಾಡುತ್ತಿರುವುದು ಐಮನ್ ಬಿಟ್ಟ ಉಸಿರನ್ನು.

ಇಷ್ಟೆಲ್ಲ ಬೈದರೂ ಒಂದು ಮಾತು ಹೇಳಲೇಬೇಕು. ಅವತ್ತಿನ ನಂತರ ನೀವು ಆ ಸೈಲೆನ್ಸರನ್ನು ಯಾವ ಗಾಡಿಗೂ ಹಾಕಲಿಲ್ಲ. ಮಸಿ ಸುಳ್ಳು ಹೇಳುವುದಿಲ್ಲ. ಅದನ್ನು ನಿಮ್ಮ ಹಾಸಿಗೆಯ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಿರಿ. ಸಾಯುವ ತನಕ ಎದ್ದ ತಕ್ಷಣ ಅದನ್ನೇ ನೋಡುತ್ತಿದ್ದಿರಂತೆ. ನಾವು ಭಕ್ತಿ ಎಂದುಕೊಂಡೆವು. ಖಾದರಸಾಬರ ಜೊತೆ ದಿನಾ ಚಹಾ ಕುಡಿಯುತ್ತಿದ್ದವರು ಮತ್ತೆ ಅವರ ಅಂಗಡಿಯ ಕಟ್ಟೆ ಹತ್ತಲಿಲ್ಲವಂತೆ. ನಾವು ಏನೋ ಮನಸ್ತಾಪ ಎಂದುಕೊಂಡೆವು. ನಲವತ್ತು ವರ್ಷ ಹೇಗೆ ಬದುಕಿದಿರಿ ದೊಡ್ಡಜ್ಜ? ಅವರ ಕಣ್ಣಿಗೆ ಹೇಗೆ ಬಿದ್ದಿರಿ? ಇದನ್ನು ಸಿಟ್ಟಿನಿಂದ ಕೇಳುತ್ತಿಲ್ಲ. ನಿಮ್ಮ ಮೇಲೆ ನನಗೆ ಅಯ್ಯೋ ಅನ್ನಿಸುತ್ತಿದೆ.

ನೇರ ದಾರಿ ನಿಮಗೆ ಗೊತ್ತಿರಲಿಲ್ಲ ಎನ್ನಲು ಬರುವುದಿಲ್ಲ. ಆರ್‌ಟಿಒ ಆಫೀಸಿಗೆ ಮೊದಲೇ ಅರ್ಜಿ ಕೊಟ್ಟು, ಮಂಜೂರಾದ ಗ್ಯಾಸ್ ಕಿಟ್ ಹಾಕಿ, ಗಾಡಿಯನ್ನು ತೋರಿಸಿ, ಆರ್‌ಸಿಯಲ್ಲಿ ಬದಲಾವಣೆ ಬರೆಸಿಕೊಟ್ಟ ಹನ್ನೊಂದು ಗಾಡಿಗಳ ಕಾಗದ ನಿಮ್ಮ ಟ್ರಂಕಿನಲ್ಲಿದ್ದವು. ನಿಮ್ಮದೇ ದುಂಡನೆಯ ಅಕ್ಷರ. ಬದಲಾವಣೆ ಮಾಡಬಾರದು ಎಂದು ನಿಮಗೆ ಯಾರೂ ಹೇಳಿರಲಿಲ್ಲ. ಏನು ಬದಲಿಸಿದಿರೋ ಅದನ್ನೇ ತೋರಿಸಿ, ತೋರಿಸಿದ್ದನ್ನೇ ಓಡಿಸಿ ಎಂದಷ್ಟೇ ಕಾನೂನು ಕೇಳಿದ್ದು. ಇಪ್ಪತ್ತು ದಿನ ತಡವಾಗುತ್ತಿತ್ತು, ಗಿರಾಕಿ ಗೊಣಗುತ್ತಿದ್ದ, ನಿಮ್ಮ ಗಾಡಿಯೂ ಒಮ್ಮೊಮ್ಮೆ ಫೇಲ್ ಆಗುತ್ತಿತ್ತು. ಆ ಫೇಲ್ ಎಂಬ ಮಾತನ್ನು ಕೇಳಲಾರದೆ ತಾನೇ ಇಷ್ಟೆಲ್ಲ?

ಈಗ ನಾಳೆ ಏನು ಮಾಡಬೇಕು ಎಂದು ಕೇಳಿ. ಗುಡಗೇರಿಯವರು ಕಾರು ತಂದು ನಿಲ್ಲಿಸಿದಾಗ, ಇದರ ಒಳಗಿನದನ್ನು ನಾನೇ ಕುಟ್ಟಿ ತೆಗೆದಿದ್ದೇನೆ, ಹೊಸದು ತರಿಸಿ ಹಾಕುವ ತನಕ ಇದು ಪಾಸಾಗುವುದಿಲ್ಲ ಎಂದು ಹೇಳಿಬಿಡಿ. ಅವರು ಕೂಗಾಡುತ್ತಾರೆ. ಕೂಗಾಡಲಿ. ಪಿ.ಬಿ. ರಸ್ತೆಯುದ್ದಕ್ಕೂ ಕಮ್ಮಾರನ ಗಾಡಿ ಫೇಲ್ ಆಯಿತಂತೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನೀವು ಒಂದು ತಗಡು ತೆಗೆದುಕೊಂಡು ಹೋಗಿ ಆ ವ್ಯಾನಿನ ತೂತು ಮುಚ್ಚಿ, ಸೈಲೆನ್ಸರಿನ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿ. ಹುಣಸೆಬೀಜ ಹಾಕಲು ತೂತಿಲ್ಲವೆಂದು ಹುಡುಗಿಯರಿಬ್ಬರೂ ನಿಮಗೆ ಬೈಯುತ್ತಾರೆ. ಬೈಸಿಕೊಳ್ಳಿ. ಆಮೇಲೆ ಒಂದೊಂದಾಗಿ ಆ ಇನ್ನೂರು ಚಿಲ್ಲರೆ ಗಾಡಿಗಳನ್ನು ಕರೆಸಿ, ಕುಟ್ಟಿ ತೆಗೆದದ್ದನ್ನು ಮರಳಿ ಹಾಕಿ. ಆದರೆ ಅದು ಶುಕ್ರವಾರದಿಂದ. ನಾಳೆಯ ಕೆಲಸ ಒಂದೇ.

ಹಾಗೆ ಮಾಡಿದರೆ ನಮಗೇನಾಗುತ್ತದೆ ಎಂದು ನೀಲಕ್ಕ ಕೇಳಿದಳು. ಗೋಡೆಯ ಮೇಲೆ ಸೈಲೆನ್ಸರ್ ಇರುವುದಿಲ್ಲ, ಪೂಜೆ ಇಲ್ಲ, ಬಿರುದು ಇಲ್ಲ, ಬಹುಶಃ ನಿಮ್ಮ ಹೆಸರನ್ನೂ ನಾವು ಮರೆತಿರುತ್ತೇವೆ ಎಂದೆ. ಅಕ್ಕ ಒಳಗೆ ಹೋಗಿ ಬಕೆಟ್ಟಿನಲ್ಲಿ ನೀರು ತಂದು, ಹೊಸ್ತಿಲ ಮೇಲಿನ ಹನ್ನೆರಡು ಚುಕ್ಕಿಯ ರಂಗೋಲಿಯನ್ನು ತಾನೇ ತೊಳೆದಳು. “ಲಗೂನ ಬರಿ. ಟಪಾಲಿನವ ಹೋದಗೀದಾನು,” ಎಂದಳು.

ಕಾಗದ ಮುಗಿಸುತ್ತಿದ್ದೇನೆ. ಈ ತೆರಪು ದಿನ ಕಳೆದು ನಾಳೆ ಬೆಳಿಗ್ಗೆ ಗಾಡಿಗಳು ಚಾಲೂ ಆಗುತ್ತವೆ. ನಾನು ಎಂದಿನಂತೆ ನೀಲಕ್ಕನ ಗಾಡಿಯಲ್ಲಿ ಕೆಲಸಕ್ಕೆ ಹೊರಡುತ್ತೇನೆ. ನೀವು ನನ್ನ ಮಾತು ಕೇಳಿದ್ದರೆ, ಆ ಹಿಂದಿನ ಎಡಗಡೆಯ ಸೀಟಿನಲ್ಲಿ ಯಾರೋ ಕೂತಿರುತ್ತಾರೆ. ನದಾಫರ ಮನೆಯ ಹೆಣ್ಣುಮಗಳೊಬ್ಬಳು, ನಮ್ಮ ಓಣಿಯವಳೇ, ಹೆಸರು ನನಗೀಗ ಗೊತ್ತಿಲ್ಲ. ತಡ ಯಾಕೆ ಮಾಡಿದೆ ಎಂದು ನನಗೆ ಬೈಯುತ್ತಾಳೆ. ನಾನೂ ತಿರುಗಿ ಬೈಯುತ್ತೇನೆ. ಆಕೆ ಅಲ್ಲಿ ಕೂತದ್ದರಲ್ಲಿ ನನಗೇನೂ ವಿಶೇಷ ಕಾಣುವುದಿಲ್ಲ, ಈ ಕಾಗದ ಬರೆದದ್ದೂ ನೆನಪಿರುವುದಿಲ್ಲ. ಗಾಡಿ ಹೊರಡುತ್ತದೆ. ಅಷ್ಟು ಮಾಡಿಕೊಡಿ ದೊಡ್ಡಜ್ಜ.

ನಿಮ್ಮ,
ತುಂಗವ್ವ